ದೊಡ್ಡಮ್ಮನ ಕಾಲಡಿಯ ನೆಲ

೧

ಈ ಕಥೆಯನ್ನು ಎಲ್ಲಿಂದ ಹಿಡಿಯಲಿ ಅಂತ ಕಥಾನಾಯಕನನ್ನೇ ಕೇಳಿದೆ. ಆತ ಟೈಲ್ಸ್ ಮೇಸ್ತ್ರಿ. "ದೂರದ ಮೂಲೆಯಿಂದ ಹಿಡ್ದು ಬಾಗಿಲ ಕಡೆ ಬನ್ನಿ. ಬಾಗಿಲಿಂದ ಶುರು ಮಾಡಿದ್ರೆ ಒಳಗೇ ಸಿಕ್ಕಾಕೊಳ್ತೀರ," ಅಂದ.

ಸರಿ, ಮೂಲೆಯಿಂದಲೇ. ಬಾಲ್ಕನಿಯ ಮೂಲೆಯಲ್ಲಿ ಒಂದು ಹೆಣ್ಣಾಮೆ ಹಿಂಗಾಲಿನಿಂದ ನೆಲ ಕೆರೆಯುತ್ತಿದೆ. ಮೂರು ದಿನದಿಂದ. ನೆಲಕ್ಕೆ ಏನೂ ಆಗಿಲ್ಲ. ಏನೂ ಆಗದ ಹಾಗೆ ಹಾಸುವುದೇ ಮೇಸ್ತ್ರಿಯ ಕಸುಬು.

೨

(ಮೊದಲ ಡ್ರಾಫ್ಟಿನಲ್ಲಿ ಆಮೆ ಕಾಲದ ಸಂಕೇತವಾಗಿತ್ತು. ಮೇಸ್ತ್ರಿಯ ಹೆಂಡತಿ ಓದಿ, "ಅದು ನಮ್ಮ ದೊಡ್ಡಮ್ಮ. ಸಂಕೇತ ಗಿಂಕೇತ ನಿಮ್ಮನೇಲಿಟ್ಕೊಳ್ಳಿ," ಅಂದಳು. ಹರಿದು ಹಾಕಿದೆ.)

ದೊಡ್ಡಮ್ಮ ಅನ್ನುವುದು ಆಮೆಯ ಹೆಸರು. ಹೆಂಡತಿ ಆರು ವರ್ಷದವಳಿದ್ದಾಗಿಂದ ಸಾಕಿದ್ದು, ಮದುವೆಯಾದ ಮೇಲೆ ಹೊಲಿಗೆ ಮಷಿನ್ನಿನ ಜೊತೆ ಗಂಡನ ಮನೆಗೆ ಬಂದದ್ದು. ಮೇಸ್ತ್ರಿಯ ಪಾಲಿಗೆ ಅರ್ಧ ಅತ್ತೆ.

ಹೆಂಡತಿ ತಂಗಿಯ ಹೆರಿಗೆಗೆಂದು ಹತ್ತು ದಿನ ಹೋದಳು. ದೊಡ್ಡಮ್ಮನನ್ನು ನೋಡಿಕೊಳ್ಳಿ, ಅಷ್ಟು ಸಾಕು ಅಂದಿದ್ದಳು. ಅಷ್ಟೇ ಮಾಡಿದ್ದರೆ ನನಗೆ ಕಥೆ ಸಿಗುತ್ತಿರಲಿಲ್ಲ. ಮೇಸ್ತ್ರಿಗೆ ಆಮೆಯಿದ್ದ, ಮಣ್ಣು ತುಂಬಿದ ಹಳೇ ತೊಟ್ಟಿ ಕಂಡರೆ ಆಗುತ್ತಿರಲಿಲ್ಲ. ಹೆಂಡತಿ ಬರುವಷ್ಟರಲ್ಲಿ ಅರಮನೆ ಮಾಡೋಣ ಅಂತ ತೊಟ್ಟಿ ಎಸೆದು, ಕೆಲಸದಲ್ಲಿ ಉಳಿದಿದ್ದ ಬಿಳಿ ಟೈಲ್ಸ್ ತಂದು, ಏರುತಗ್ಗು ನೋಡುವ ರಸಮಟ್ಟ ಇಟ್ಟು ಬಾಲ್ಕನಿಗೆ ಹಾಸಿದ. ಗೋಲಿ ಬಿಟ್ಟರೆ ಬಿಟ್ಟಲ್ಲೇ ನಿಲ್ಲುವ ನೆಲ. ದೊಡ್ಡಮ್ಮನನ್ನು ಬಿಟ್ಟಾಗ ಮಾತ್ರ ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಹೋದವು. ಖುಷಿಗೆ ಕುಣಿಯುತ್ತಿದೆ ಅಂದುಕೊಂಡ.

೪

(ಮೂರು ಚೆನ್ನಾಗಿರಲಿಲ್ಲ.)

ದೊಡ್ಡಮ್ಮ ತಿನ್ನುವುದನ್ನು ಬಿಟ್ಟಿತು, ಕೆರೆಯುವುದನ್ನು ಬಿಡಲಿಲ್ಲ. ಮೇಸ್ತ್ರಿ ಟವೆಲಿನಲ್ಲಿ ಸುತ್ತಿಕೊಂಡು ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಓಡಿದ. ಎಕ್ಸ್‌ರೇಯಲ್ಲಿ ನಾಲ್ಕು ದುಂಡನೆಯ ನೆರಳು. (ಗಂಡಾಮೆಯಿಲ್ಲದೆ ಮೊಟ್ಟೆ ಹೇಗೆ ಅನ್ನುವವರು ಕೋಳಿ ಸಾಕಿದವರನ್ನು ಕೇಳಿ.)

"ಮೊಟ್ಟೆ ಇಡೋಕೆ ಅದು ಗುಂಡಿ ತೋಡ್ಬೇಕು. ಆಗದಿದ್ರೆ ಮೊಟ್ಟೆ ಒಳಗೇ ಉಳಿಯುತ್ತೆ, ಆಮೇಲೆ ಆಮೆ ಉಳಿಯಲ್ಲ. ಕೆಳಗೆ ಏನ್ ಹಾಕಿದ್ದೀರ?"

"ವಿಟ್ರಿಫೈಡ್ ಟೈಲ್ಸ್," ಅಂದ ಮೇಸ್ತ್ರಿ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಮಣ್ಣಿಗೆ ಮರಳು ಬೆರೆಸಿ, ತೇವ ಮಾಡಿ, ಚಿಪ್ಪಿನ ಉದ್ದದಷ್ಟು ಆಳ ತುಂಬಿಸಿ ಅಂದರು. ಎರಡು ದಿನ ನೋಡೋಣ, ಆಮೇಲೆ ಸೂಜಿ. ಅದಕ್ಕೂ ಬಗ್ಗದಿದ್ದರೆ ಆಪರೇಷನ್, ಈ ವಯಸ್ಸಿಗೆ ಗ್ಯಾರಂಟಿ ಕೊಡಲಾರೆ.

೫

(ಪ್ರಾಣಿ ಸಾಮಾನಿನ ಅಂಗಡಿಯವನ ಮಿಮಿಕ್ರಿ ಎರಡು ಪುಟವಿತ್ತು, ಕತ್ತರಿಸಿದೆ. ಸ್ಯಾಂಪಲ್: "ತೆಂಗಿನ ನಾರಿನ ಪುಡಿ ಇದೆ ಸಾರ್, ಮರದ ಚಕ್ಕೆ ಇದೆ ಸಾರ್, ಘಮಘಮ ಅನ್ನೋ ಚಕ್ಕೇನೂ ಇದೆ ಸಾರ್, ಆಮೆ ಯಾವ ಕಲರ್ ಸಾರ್?")

ಮೇಸ್ತ್ರಿ ಅಂಗಡಿಯಿಂದ ಬರಿಗೈಯಲ್ಲಿ ವಾಪಸ್ ಬಂದ. ಮಣ್ಣು, ಮರಳು ಅವನಿಗೆ ಯಾರು ಹೇಳಿಕೊಡಬೇಕು? ಜರಡಿ ಹಿಡಿದ, ಕಲಸಿದ, ನೀರು ಚಿಮುಕಿಸಿದ, ಬಾಲ್ಕನಿಯ ಮೂಲೆಗೆ ಇಟ್ಟಿಗೆ ಅಡ್ಡ ಇಟ್ಟು ಒಂದಡಿ ತುಂಬಿದ. ಅಲ್ಲಿಗೆ ಕೈ ತೊಳೆದುಕೊಳ್ಳಬಹುದಿತ್ತು. ಕೈ ಕೇಳಬೇಕಲ್ಲ. ನೆಲ ಗಟ್ಟಿ ಮಾಡುವ ದಮ್ಮಸ್ಸಿನಿಂದ ಬಡಿದ, ಮರದ ಪಟ್ಟಿ ಎಳೆದು ಸಮ ಮಾಡಿದ, ರಸಮಟ್ಟ ಇಟ್ಟ. ಅದರ ಗುಳ್ಳೆ ನಟ್ಟನಡುವೆ ನಿಂತಿತು. ದೊಡ್ಡಮ್ಮ ಹಿಂಗಾಲು ಎಳೆಯಿತು. ಒಂದು ಗೀರು ಬಿತ್ತು, ಅಷ್ಟೆ.

ಇದನ್ನು ಬರೆಯಬೇಡಿ, ಜನ ನಗುತ್ತಾರೆ ಅಂದ ಮೇಸ್ತ್ರಿ. ನಗಲಿ ಅಂತಲೇ ಬರೆಯುತ್ತಿರುವುದು ಮಾರಾಯ ಅಂದೆ.

"ಅದು ಹೋಗ್ಬಿಟ್ರೆ ಅವಳ ಮುಖ ಹೇಗೆ ನೋಡ್ಲಿ? ಅದನ್ನ ಬರೀರಿ ನೋಡೋಣ."

ಬರೆದಿಟ್ಟುಕೊಂಡಿದ್ದ ಜೋಕಿಗೆ ಅಡ್ಡಗೆರೆ ಎಳೆದೆ.

೬

ಮರುದಿನ ಹೆಂಡತಿ ಬಂದಳು. ಬ್ಯಾಗು ಹೆಗಲಲ್ಲಿರುವಾಗಲೇ ಬಾಲ್ಕನಿಗೆ ನಡೆದು, ಬೆರಳು ಚುಚ್ಚಿ ನೋಡಿದಳು. ಬೆರಳು ಹೋಗಲಿಲ್ಲ.

"ಏನ್ರೀ ಇದು, ದೊಡ್ಡಮ್ಮ ಕೇರಂ ಆಡ್ಬೇಕಾ?"

ಮೇಸ್ತ್ರಿ ಎಕ್ಸ್‌ರೇ ತೋರಿಸಿದ. ಅವಳು ಅದನ್ನು ಬೆಳಕಿಗೆ ಹಿಡಿದು, ನಾಲ್ಕೂ ನೆರಳನ್ನು ಬೆರಳಿಟ್ಟು ಎಣಿಸಿದಳು. ಮೇಸ್ತ್ರಿ ಹಾರೆ ತಂದು, ತಾನೇ ಬಡಿದದ್ದನ್ನು ತಾನೇ ಅಗೆದ. ಹೆಂಟೆ ಎದ್ದವು, ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ತಗ್ಗು. ಅಂಗೈ ತಾನಾಗಿಯೇ ಸವರಲು ಹೋಯಿತು.

"ಬಿಡಿ. ಮಟ್ಟ ಮಾಡ್ಬೇಡಿ."

ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತ. ಹದಿನೈದು ವರ್ಷದ ಕಸುಬಿನಲ್ಲಿ ಇಷ್ಟು ಕೆಟ್ಟ ಕೆಲಸವನ್ನು ಅವನು ಒಪ್ಪಿಸಿದ್ದು ಇದೇ ಮೊದಲು.

೭

ಮುಕ್ತಾಯಗಳು ಸ್ಟಾಕಿನಲ್ಲಿವೆ. (ಅ) ನಾಲ್ಕು ಮೊಟ್ಟೆ, ಎರಡು ಜೊತೆ ಒದ್ದೆ ಕಣ್ಣು. (ಆ) ಆಮೆ ಸಾಯುತ್ತದೆ, ವಿಮರ್ಶಕರು ಬದುಕುತ್ತಾರೆ. (ಆ) ಓದಿ ಹೇಳಿದಾಗ ಮೇಸ್ತ್ರಿ ನನಗೆ ಹೊಡೆಯಲು ಗಾರೆ ಕರಣೆ ಎತ್ತಿಕೊಂಡ. (ಇ)ಯನ್ನು ಬಾಲ್ಕನಿಯಲ್ಲೇ ಕೂತು, ಕಂಡದ್ದನ್ನು ಕಂಡ ಹಾಗೆ ಬರೆಯೋಣ ಅಂತ ಹೊರಟೆ.

ಮಧ್ಯಾಹ್ನ. ದೊಡ್ಡಮ್ಮ ಗುಡ್ಡೆಯ ಹಿಂದೆ ಹೋಗಿ, ಹಿಂಗಾಲು ಊರಿ ಎಳೆಯಿತು. ಮಣ್ಣು ಬಂತು. ಇನ್ನೊಂದು ಕಾಲು. ಮತ್ತೆ ಬಂತು. ಗುಂಡಿ ಎಷ್ಟು ಆಳವಾಯಿತು ಅಂತ ನಾನು ಬಗ್ಗಿದೆ, ಅದು ನಿಲ್ಲಿಸಿಬಿಟ್ಟಿತು.

"ಯಾರಾದ್ರೂ ನೋಡ್ತಿದ್ರೆ ಅದು ಇಡಲ್ಲ," ಅಂದಳು ಹೆಂಡತಿ. ಗಂಡನನ್ನು ಒಳಗೆ ಕಳಿಸಿದಳು. ನನ್ನ ಕೈಯಿಂದ ಹಾಳೆ ಕಿತ್ತುಕೊಂಡು ನನ್ನನ್ನೂ ದಬ್ಬಿದಳು. ಪರದೆ ಎಳೆಯುತ್ತಾ, ನನ್ನ ಭುಜದ ಮೇಲಿಂದ ನೇರ ನಿಮ್ಮತ್ತ ನೋಡಿದಳು.

"ಓದ್ತಾ ಕೂತಿದ್ದಾರಲ್ಲ, ಅವರಿಗೂ ಹೇಳಿ. ಸ್ವಲ್ಪ ಆ ಕಡೆ ತಿರುಗಲಿ."