ಪರೀಕ್ಷೆಗೊಂದು ಹೆಸರು

ಹೇಳಿದ ಮಾತು ಕೇಳುವ ಜಾಯಮಾನ ನನ್ನದಲ್ಲ. ಕಾಣೆಯಾದವರನ್ನು ಹುಡುಕಿಕೊಡುವ ಒಂದು ಸಂಸ್ಥೆಯ ವೆಬ್‌ಸೈಟ್ ನೋಡಿಕೊಳ್ಳಲು ಸೇರಿದ ಮೊದಲ ಬೆಳಿಗ್ಗೆ, ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವನು ಬರೆದಿಟ್ಟು ಹೋದ ಎರಡು ಪುಟದ ಸೂಚನೆ ಕೈಗೆ ಬಂತು. ಸೈಟಿನ ಒಂದು ನಕಲು ನನ್ನ ಲ್ಯಾಪ್‌ಟಾಪಿನಲ್ಲೇ ಓಡುವಂತೆ ಮಾಡಿಕೊಳ್ಳಬೇಕು; ತಿದ್ದುಪಡಿಯೆಲ್ಲ ಅದರ ಮೇಲೆ, ನಿಜವಾದ ಸೈಟಿನ ತಂಟೆಗೆ ಹೋಗಬಾರದು. ಇಷ್ಟಕ್ಕೆ ಎರಡು ಪುಟವೇ? ನನಗೇ ಅಆಇಈ ಕಲಿಸಲು ಬಂದ ಮಹಾಶಯ ಎಂದು ಮೂಗು ಮುರಿದೆ.

ಕೋಡ್ ಇಳಿಸಿಕೊಂಡೆ. ಬೇಕಾದ್ದನ್ನೆಲ್ಲ ಇನ್‌ಸ್ಟಾಲ್ ಮಾಡಿದೆ. ಡೇಟಾಬೇಸಿಗೆ ಸುಳ್ಳು ಹೆಸರುಗಳನ್ನು ತುಂಬಿ ಎಂದಿತ್ತು. ಅಷ್ಟೊಂದು ಹೆಸರು ಯಾರು ಕೂತು ಹುಟ್ಟಿಸುತ್ತಾರೆ? ನಿಜವಾದ ಪಟ್ಟಿಯನ್ನೇ ನಕಲು ಮಾಡಿ ತುಂಬಿದೆ. ಸೆಟ್ಟಿಂಗ್ಸ್ ಫೈಲನ್ನೂ ನಿಜವಾದ ಸೈಟಿನಿಂದ ಹಾಗೇ ಎತ್ತಿ ತಂದೆ. ಕಾಣೆಯಾದವರ ಮನೆಯವರ ಫೋನಿಗೆ ಮೆಸೇಜ್ ಹೋಗದಂತೆ ಅದರಲ್ಲಿ ಒಂದು ಸಾಲು ಬದಲಿಸಬೇಕಿತ್ತು. ಆ ಮಾತು ಎರಡನೇ ಪುಟದಲ್ಲಿತ್ತು. ನಾನು ಪುಟ ತಿರುವಲೇ ಇಲ್ಲ.

ಹನ್ನೊಂದು ಗಂಟೆಗೆ ಸೈಟು ಓಡತೊಡಗಿತು. ಪಟ್ಟಿಯ ಮೊದಲ ಹೆಸರಿನ ಮುಂದೆ ‘ಸಿಕ್ಕಿದ್ದಾರೆ’ ಎಂಬ ಬಟನ್ ಒತ್ತಿ ನೋಡಿದೆ. ಹೆಸರು ಹಸಿರಾಯಿತು. ಭಲೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ಚಹಾಕ್ಕೆ ಎದ್ದೆ.

ಮುಕ್ಕಾಲು ಗಂಟೆಯಲ್ಲಿ ಒಬ್ಬರು ಮುದುಕರು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದರು. ಕೊರಳಲ್ಲಿ ಅಳತೆ ಟೇಪು ಜೋತಾಡುತ್ತಿತ್ತು. ಹೊಲಿಗೆ ಯಂತ್ರದ ಮುಂದಿನಿಂದ ಎದ್ದವರು ಎದ್ದ ಹಾಗೇ ಓಡಿ ಬಂದಿದ್ದರು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕನ್ನಡಕದ ಡಬ್ಬಿ.

“ಎಲ್ಲಿದ್ದಾಳಮ್ಮ ನನ್ನ ಹೆಂಡ್ತಿ? ಸಿಕ್ಕಿದ್ದಾರೆ, ಕೂಡ್ಲೇ ಬನ್ನಿ ಅಂತ ಮೆಸೇಜ್ ಬಂತು. ಮೊದ್ಲು ಇದನ್ನ ಹಾಕ್ಬಿಡಿ ಅವ್ಳಿಗೆ. ಕನ್ನಡಕ ಇಲ್ದೆ ಹೋದೋಳು. ಮರೆವು ಬೇರೆ. ನನ್ನ ಮುಖ ಸರಿಯಾಗಿ ಕಾಣದಿದ್ರೆ ಯಾರೋ ಅಂತ ಹೆದರ್ಕೋತಾಳೆ.”

ಸೂಚನೆಯ ಎರಡನೇ ಪುಟವನ್ನು ಆಗ ತಿರುವಿ ನೋಡಿದೆ. ಬಂದವರನ್ನು ಮಾತಾಡಿಸುವ ಹೆಂಗಸನ್ನು ಕಚೇರಿಯಲ್ಲಿ ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಅವಳ ಕಿವಿಯಲ್ಲಿ ನಡೆದದ್ದನ್ನು ಪಿಸುಗುಟ್ಟಿದೆ. ಅವಳ ಮುಖ ಕಪ್ಪಿಟ್ಟಿತು.

“ನನ್ನ ಕೈಲಾಗಲ್ಲಮ್ಮ. ಮಾಡಿದ್ದು ನೀನು, ಹೇಳೋದೂ ನೀನೇ.”

ಮುದುಕರನ್ನು ಕೂರಿಸಿ, ನೀರು ಕೊಟ್ಟು, ಹೇಳಿದೆ. “ಯಜಮಾನ್ರೇ, ಅವ್ರು ಸಿಕ್ಕಿಲ್ಲ. ನಾನು ಕಂಪ್ಯೂಟರಲ್ಲಿ ಪರೀಕ್ಷೆ ಮಾಡ್ತಿದ್ದೆ. ನನ್ನ ತಪ್ಪಿಂದ ಮೆಸೇಜ್ ನಿಮಗೆ ಬಂದ್ಬಿಡ್ತು.”

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಡಬ್ಬಿಯ ಮುಚ್ಚಳ ತೆರೆದರು, ಮುಚ್ಚಿದರು.

“ದಾರಿಯುದ್ದಕ್ಕೂ ಗಾಜು ಒರೆಸ್ಕೊಂಡು ಬಂದೆ. ನಾಲ್ಕು ವರ್ಷದ ಧೂಳು ನೋಡಿ.”

“ಕ್ಷಮಿಸಿ ಅಂತ ಕೇಳೋಕೂ ನನಗೆ ಬಾಯಿಲ್ಲ” ಎಂದೆ. ಅಳು ಬಂತು. ಅವರ ಮುಂದೆ ಅಳುವ ಹಕ್ಕು ನನಗೆಲ್ಲಿತ್ತು? ಆದರೂ ಬಂತು, ಹಾಳಾದ್ದು.

ಅವರು ಇದ್ದಕ್ಕಿದ್ದಂತೆ ಗಾಬರಿಯಾದರು. “ಹಾಗಾದ್ರೆ ಪಟ್ಟಿಯಿಂದ ಅವ್ಳ ಹೆಸರು ಹೋಯ್ತಾ? ಇನ್ನು ಯಾರೂ ಹುಡುಕಲ್ವಾ?”

“ಅಯ್ಯೋ, ಇಲ್ಲ ಇಲ್ಲ. ಜನ ನೋಡೋ ಸೈಟಲ್ಲಿ ಕಾಣೆಯಾಗಿದ್ದಾರೆ ಅಂತಲೇ ಇದೆ. ಸಿಕ್ಕಿದ್ದಾರೆ ಅಂತ ಇರೋದು ಈ ನನ್ನ ಲ್ಯಾಪ್‌ಟಾಪಲ್ಲಿ ಮಾತ್ರ. ಅದನ್ನೂ ಈಗ್ಲೇ ತೆಗೀತೀನಿ.”

“ಎಲ್ಲಿ, ತೋರ್ಸು.”

ಪರದೆಯನ್ನು ಅವರ ಕಡೆ ತಿರುಗಿಸಿದೆ. ಆಕೆಯ ಫೋಟೋ, ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ ‘ಸಿಕ್ಕಿದ್ದಾರೆ’. ಅವರು ಮುಖ ಹತ್ತಿರ ತಂದು, ಆ ಒಂದೇ ಪದವನ್ನು ಬಹಳ ಹೊತ್ತು ಓದಿದರು. ನಾನು ಅಳಿಸಲು ಕೈ ಚಾಚಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

“ಬೇಡ ಮಗಳೇ. ಅಲ್ಲಿ ಹುಡುಕ್ತಾ ಇರಿ. ಇಲ್ಲೊಂದು ಕಡೆ ಸಿಕ್ಕಿರ್ಲಿ ಬಿಡಮ್ಮ.”