ಎರಡನೇ ಪುಟಿತ

"ಓರೆ ಮಾಡಿ, ಇನ್ನೂ ಸ್ವಲ್ಪ ಓರೆ," ಎಂದು ಕೋರ್ಟ್ ನೋಡಿಕೊಳ್ಳುವ ಮುದುಕ ಒಳಗಿನಿಂದ ಹೇಳುತ್ತಿದ್ದ. ಸ್ಕ್ವಾಷ್ ಕೋರ್ಟಿನ ಗಾಜಿನ ಗೋಡೆಯಲ್ಲಿರುವ ಬಾಗಿಲು ಒಬ್ಬರು ರಾಕೆಟ್ ಹಿಡಿದು ನುಸುಳುವಷ್ಟೇ ಅಗಲ. ಶವಪೆಟ್ಟಿಗೆ ಹೊತ್ತವರು ಏದುಸಿರು ಬಿಡುತ್ತ ಹಿಂದೆ ಸರಿದು, ಮತ್ತೆ ಮುಂದೆ ಬಂದು, ಅಂತೂ ಚಾಂಪಿಯನ್ ಆಗಿದ್ದವಳನ್ನು ಒಳಗೆ ತಂದು ಮಲಗಿಸಿದರು.

ಮುದುಕ ಯಾರನ್ನೂ ಬೂಟು ಹಾಕಿಕೊಂಡು ಒಳಗೆ ಬಿಡಲಿಲ್ಲ. ಕರಿ ಅಟ್ಟೆಯ ಬೂಟು ಮರದ ನೆಲದ ಮೇಲೆ ಗೀರು ಬಿಡುತ್ತದೆ. ಅಮ್ಮಾವ್ರು ಬದುಕಿದ್ದಿದ್ದರೆ ಅವರೇ ಬೈಯುತ್ತಿದ್ದರು ಎಂದ. ಹಾಗಾಗಿ ಕ್ಲಬ್ಬಿನ ಅಧ್ಯಕ್ಷರು ಕರಿ ಸೂಟಿನಲ್ಲಿ, ಹೆಬ್ಬೆರಳು ಇಣುಕುವ ಕಾಲುಚೀಲದಲ್ಲಿ ನಿಂತಿದ್ದರು. ಬೇರೆ ದಿನವಾಗಿದ್ದರೆ ಸತ್ತವಳ ತಂಗಿಗೆ ನಗು ಬರುತ್ತಿತ್ತು.

ಬಂದವರೆಲ್ಲ ಒಂದೇ ಗುಣವನ್ನು ಹೊಗಳಿದರು. ಕಪ್ಪುಗಳನ್ನು ಯಾರು ಬೇಕಾದರೂ ಗೆಲ್ಲಬಹುದು, ಆದರೆ ಅನುಮಾನದ ಚೆಂಡು ಬಂದರೆ ತಾನೇ ಕೈಯೆತ್ತಿ ನಿಂತು ಪಾಯಿಂಟನ್ನು ಎದುರಾಳಿಗೆ ಬಿಟ್ಟುಕೊಡುವವರು ಎಲ್ಲಿದ್ದಾರೆ ಎಂದರು. ತಂಗಿ ಮುಂದಿನ ಗೋಡೆಗೆ ಒರಗಿ ಕೇಳುತ್ತಿದ್ದಳು.

* * *

ಅದು ಎಷ್ಟೋ ವರ್ಷಗಳ ಹಿಂದಿನ ಆಯ್ಕೆ ಪಂದ್ಯ. ಗೆದ್ದವಳೊಬ್ಬಳೇ ದೊಡ್ಡ ಪಂದ್ಯಾವಳಿಗೆ ಹೋಗಬಹುದಿತ್ತು, ಉಳಿದಿದ್ದವರು ಅಕ್ಕ ತಂಗಿ ಇಬ್ಬರೇ. ಕೊನೆಯ ಪಾಯಿಂಟಿನಲ್ಲಿ ತಂಗಿ ಚೆಂಡನ್ನು ಮುಂದಿನ ಮೂಲೆಗೆ ಮೆಲ್ಲಗೆ ಇಳಿಬಿಟ್ಟಳು. ಚೆಂಡು ಪುಟಿಯಿತು, ಮತ್ತೊಮ್ಮೆ ಪುಟಿಯಿತು, ಆಮೇಲೆ ಅಕ್ಕನ ರಾಕೆಟ್ ಅದನ್ನು ಎತ್ತಿತು. ಎರಡು ಸಲ ಪುಟಿದ ಚೆಂಡನ್ನು ಹೊಡೆದರೆ ಪಾಯಿಂಟ್ ಎದುರಾಳಿಗೆ, ಆದರೆ ತೀರ್ಪುಗಾರ ಕೂತಿದ್ದು ಅವರ ಬೆನ್ನ ಹಿಂದೆ. ಅಂಥ ಚೆಂಡಿನ ನಿಜ ಹೊಡೆದವಳಿಗೆ ಗೊತ್ತು, ಪಕ್ಕದಲ್ಲಿದ್ದವಳಿಗೆ ಗೊತ್ತು. ಹೊಡೆದವಳೇ ಕೈಯೆತ್ತಬೇಕು, ಅದು ಆಟದ ಮರ್ಯಾದೆ. ತಂಗಿ ಆಡದೆ ನಿಂತು ಅಕ್ಕನ ಕೈಯನ್ನೇ ನೋಡಿದಳು. ಆ ಕೈ ಬೆವರನ್ನು ಪಕ್ಕದ ಗೋಡೆಗೆ ಒರೆಸಿಕೊಂಡಿತು, ಅಷ್ಟೇ.

ಅಕ್ಕ ಹೋದಳು, ಚಾಂಪಿಯನ್ ಆಗಿ ಬಂದಳು, ಆಮೇಲೂ ಆಗುತ್ತಲೇ ಹೋದಳು. ತಂಗಿ ಆಯ್ಕೆ ಪಂದ್ಯಗಳ ಕಡೆ ಮತ್ತೆ ತಲೆ ಹಾಕಲಿಲ್ಲ. ಬೆಳಗಿನ ಅಭ್ಯಾಸಕ್ಕೆ ಮಾತ್ರ ಅಕ್ಕ ಕರೆದಳು, ಇವಳು ಹೋದಳು. ಅಂದಿನಿಂದ ಅಕ್ಕ ಸರಿಯಾದ ಚೆಂಡಿಗೂ ಕೈಯೆತ್ತಿ, "ಇದು ನಿಂದು," ಎನ್ನತೊಡಗಿದಳು. ಊರು ಅದನ್ನು ದೊಡ್ಡಗುಣ ಎಂದಿತು. ತಂಗಿಗೆ ಬೇಕಾಗಿದ್ದದ್ದು ಅಷ್ಟು ಚೆಂಡುಗಳಲ್ಲ. ಆ ಒಂದು ಚೆಂಡಿನ ಬಗ್ಗೆ ಒಂದು ಮಾತು.

ಅಕ್ಕನ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲೂ ಕಾದಳು. ಅಕ್ಕ ಉಪ್ಪಿಲ್ಲದ ಊಟದ ಬಗ್ಗೆ ಮಾತಾಡಿದಳು, ಮಗಳ ಮಂಡಿ ನೋವಿನ ಬಗ್ಗೆ ಮಾತಾಡಿದಳು. ಕೊನೆಗೆ ಇವಳೇ ನಾಚಿಕೆ ಬಿಟ್ಟು, "ಏನಾದ್ರೂ ಹೇಳೋದಿದೆಯಾ ಅಕ್ಕಾ?" ಎಂದಳು.

ಅಕ್ಕ ಬಹಳ ಹೊತ್ತು ಇವಳ ಮುಖ ನೋಡಿದಳು. "ಆ ಕಿಟಕಿ ಹಾಕು, ಗಾಳಿ ಬರ್ತಿದೆ," ಎಂದಳು.

* * *

ಅಧ್ಯಕ್ಷರು ಕಾಲುಚೀಲ ಎಳೆದುಕೊಳ್ಳುತ್ತ ತಂಗಿಯ ಬಳಿ ಬಂದರು. ಕೋರ್ಟಿನ ಹೊರಗೆ ಒಂದು ಕಲ್ಲು ಹಾಕಿಸುವುದೆಂದು ತೀರ್ಮಾನವಾಗಿದೆಯಂತೆ. "'ಎರಡು ಸಲ ಪುಟಿದ ಚೆಂಡನ್ನು ಎಂದೂ ಆಡದವಳು' ಅಂತ ಕೆತ್ತಿಸ್ತೀವಿ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀವೇ ಎರಡು ಮಾತು ಹೇಳ್ಬೇಕು."

ಪೆಟ್ಟಿಗೆಯ ಆಚೆ ಅಕ್ಕನ ಮಗಳು ನಿಂತಿದ್ದಳು. ಈಗ ಮಕ್ಕಳಿಗೆ ಆಟ ಕಲಿಸುವುದು ಅವಳೇ. ಮೊದಲ ಪಾಠವೇ ಕೈಯೆತ್ತುವುದು, ನಮ್ಮಮ್ಮ ಆಡುತ್ತಿದ್ದದ್ದೂ ಹಾಗೇ ಎಂದು ಅವರಿಗೆ ಹೇಳುತ್ತಾಳೆ. ತಂಗಿಗೆ ಸ್ವಂತ ಮಕ್ಕಳಿಲ್ಲ. ಇಂದು ನಿಜ ಹೇಳಿದರೆ ಇವಳೂ ಕೈ ತಪ್ಪಿ ಹೋಗಬಹುದು. ಹೂಂ ಅಂದರೆ ಮುಗಿಯಿತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಅಧ್ಯಕ್ಷರ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು. "ಆ ಸಾಲು ಬೇಡ. ಹೆಸರಷ್ಟೇ ಸಾಕು."

"ಯಾಕಮ್ಮಾ?"

"ಆಡಿದ್ಲು. ಒಂದ್ಸಲ. ನನ್ನ ಎದುರಿಗೆ."

ಬೇರೆ ಗೋಡೆಗಳಿಗೆ ಕಿವಿ ಇರುತ್ತದೆ, ಸ್ಕ್ವಾಷ್ ಕೋರ್ಟಿನ ಗೋಡೆಗಳಿಗೆ ಬಾಯಿ. ಇಡೀ ಆಯುಷ್ಯ ಅಲ್ಲಿ ಕಳೆದವಳು ದುಃಖದಲ್ಲಿ ಅದನ್ನು ಮರೆತಿದ್ದಳು. ಪಿಸುಮಾತು ನಾಲ್ಕೂ ಕಡೆ ಬಡಿದು ಎಲ್ಲರಿಗೂ ಕೇಳಿಸಿತು. ಹೊಟ್ಟೆಕಿಚ್ಚು ಹೆಣದ ಮುಂದೂ ಆರಲ್ಲ ನೋಡು ಎಂದು ಯಾರೋ ಗೊಣಗಿದರು. ಅದೂ ಎಲ್ಲರಿಗೂ ಕೇಳಿಸಿತು.

ಮಗಳು ತಲೆಯೆತ್ತಿದಳು. "ಆಯ್ಕೆ ಪಂದ್ಯದಲ್ಲಾ, ಚಿಕ್ಕಮ್ಮ?"

"ಹೂಂ."

"ಕೊನೇ ಪಾಯಿಂಟಾ?"

ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿದ್ದರೆ ಎಂದು ತಂಗಿ ಹಂಬಲಿಸಿದಳು. ಮಗಳು ಬಗ್ಗಿ ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಬೆವೆತ ಅಂಗೈಯನ್ನು ಪಕ್ಕದ ಗೋಡೆಗೆ ಒರೆಸಿದಳು. ಆಮೇಲೆ ತಾಯಿಯ ತಲೆಯ ಬಳಿ ನೆಟ್ಟಗೆ ನಿಂತು, ಎಲ್ಲರ ಎದುರಿಗೆ, ಬಲಗೈಯನ್ನು ಮೇಲೆತ್ತಿದಳು.

ಮುದುಕ ಮುಚ್ಚಳ ಹಿಡಿದು ಕಾಯುತ್ತಿದ್ದ. ಚಿಕ್ಕಮ್ಮ ತಲೆಯಾಡಿಸುವವರೆಗೂ ಆ ಕೈ ಕೆಳಗಿಳಿಯಲಿಲ್ಲ.