ಗೋಡೆಯ ಮೇಲಿನ ಅಪ್ಪ

ದೇಶದ ದಕ್ಷಿಣ ತುದಿಯ ಆ ಬಂದರು ಊರಿಗೆ ಬೇಸಿಗೆಯಲ್ಲಿ ಬರುವವರು ಎರಡು ಆಸೆ ಇಟ್ಟುಕೊಂಡು ಬರುತ್ತಿದ್ದರು. ಹಳೇ ಪೇಟೆಯ ಕಲ್ಲುಬೀದಿಗಳಲ್ಲಿ ಗೈಡಿನ ಹಿಂದೆ ಅಲೆದು ಊರಿನ ಇತಿಹಾಸ ಕೇಳಬೇಕು. ಅಲೆದು ಬೆವತ ಮೇಲೆ ನೆರಳಲ್ಲಿ ಕೂತು ತಣ್ಣಗೆ ಏನಾದರೂ ಉಣ್ಣಬೇಕು. ಉಗ್ರಾಣದ ಬೀದಿಯ ಮೂಲೆಯಲ್ಲಿದ್ದ ಊಟದ ಮನೆಯಲ್ಲಿ ಎರಡೂ ಒಂದೇ ಮೇಜಿನ ಮೇಲೆ ಸಿಗುತ್ತಿದ್ದವು. ಯಜಮಾನ ಖುದ್ದಾಗಿ ನಿಂತು ಕಥೆ ಹೇಳುತ್ತಿದ್ದ.

"ಇವರೇ ನೋಡಿ ನಮ್ಮ ತಂದೆ," ಎಂದು ಅವನು ಗೋಡೆಯ ಮೇಲಿನ ದೊಡ್ಡ ಫೋಟೋ ತೋರಿಸುತ್ತಿದ್ದ. ಬಿಳಿ ಟೋಪಿ ಹಾಕಿಕೊಂಡ ಸಣಕಲು ಮನುಷ್ಯನೊಬ್ಬ ಅದರಲ್ಲಿ ಎದೆ ಸೆಟೆದು ಕೂತಿದ್ದ. "ಹಡಗಿನಲ್ಲಿ ಅಡುಗೆಯವರು. ಏಳು ಸಮುದ್ರ ಸುತ್ತಿ ಬಂದೋರು. ಒಲೆ ಹಚ್ಚದೆ ಬೇಸಿಗೆ ಅಡುಗೆ ಮಾಡೋದನ್ನ ಈ ಊರಿಗೆ ಕಲಿಸಿದ್ದೇ ಅವರು. ನೀವೀಗ ಕುಡೀತಿದೀರಲ್ಲ ಈ ತಣ್ಣನೆ ಸೌತೆಕಾಯಿ ಸಾರು, ಇದು ಅವರ ಜೊತೆ ಹಡಗು ಹತ್ತಿ ಬಂದದ್ದು!"

ಜನ ನಗುತ್ತಿದ್ದರು, ಸಾರು ಚಪ್ಪರಿಸುತ್ತಿದ್ದರು, ಟೋಪಿಯವನ ಫೋಟೋದ ಫೋಟೋ ತೆಗೆದುಕೊಳ್ಳುತ್ತಿದ್ದರು.

ಅಡುಗೆಮನೆಗೂ ಊಟದ ಕೋಣೆಗೂ ನಡುವೆ ತಟ್ಟೆ ದಾಟಿಸುವ ಕಿಂಡಿಯೊಂದಿತ್ತು. ಅದರಾಚೆ ನಿಂತು ಸೌತೆಕಾಯಿ ತುರಿಯುತ್ತಿದ್ದ ಅಕ್ಕನಿಗೆ ಎಲ್ಲವೂ ಕೇಳುತ್ತಿತ್ತು. ಅಕ್ಕ ಎಂದರೆ ಯಜಮಾನನ ಸ್ವಂತ ಅಕ್ಕ. ಅರವತ್ತರ ಹತ್ತಿರದವಳು. ಮದುವೆಯಾಗಿರಲಿಲ್ಲ. ಗಿರಾಕಿಗಳು ಹೊಗಳುವ ಪ್ರತಿಯೊಂದು ತುತ್ತೂ ಅವಳ ಕೈಯದ್ದೇ.

"ಸತ್ತ ಎಮ್ಮೆಗೆ ಹತ್ತು ಸೇರು ಹಾಲು," ಎನ್ನುತ್ತಿದ್ದಳು ಅವಳು.

"ನಿನ್ನೆ ಎಂಟು ಸೇರು ಇತ್ತಲ್ಲಕ್ಕಾ?" ಎಂದು ಪಾತ್ರೆ ತೊಳೆಯುವವಳು ಕಿಸಕ್ಕೆಂದು ನಗುತ್ತಿದ್ದಳು.

ಅಪ್ಪ ಹಡಗಿನಲ್ಲಿದ್ದದ್ದು ಸುಳ್ಳಲ್ಲ. ಮದುವೆಗೆ ಮುಂಚೆ ಕೆಲವು ಕಾಲ ಡೆಕ್ಕು ಗುಡಿಸುವ ಕೆಲಸ ಮಾಡಿದ್ದ. ಸೌಟು ಹಿಡಿದವನಲ್ಲ. ಅಕ್ಕನಿಗೆ ಒಂಬತ್ತು ವರ್ಷ, ತಮ್ಮ ಇನ್ನೂ ತೊಟ್ಟಿಲಲ್ಲಿದ್ದಾಗ, ಅವನು ಅಳಿವೆಯ ಆಚೆ ದಡದಲ್ಲಿದ್ದ ಇನ್ನೊಬ್ಬಳ ಮನೆ ಸೇರಿಕೊಂಡ. ಏಳು ಸಮುದ್ರದ ಮಾತು ಹಾಗಿರಲಿ, ಅವನು ದಾಟಿದ್ದು ಒಂದೇ ಒಂದು ನೀರು. ದೋಣಿಕಟ್ಟೆಯ ಮೇಲೆ ನಿಂತರೆ ಅವಳ ಮನೆಯ ಹಸಿರು ಕಿಟಕಿ ಕಾಣುತ್ತಿತ್ತು. ಅಲ್ಲಿ ಒಣಗಲು ಹಾಕಿದ ಅಂಗಿ ಅಪ್ಪನದೇ ಎಂದು ಅಕ್ಕ ಗುರುತು ಹಿಡಿಯುತ್ತಿದ್ದಳು.

ಅಮ್ಮ ದೂರು ಹೇಳಿಕೊಂಡು ಯಾರ ಬಾಗಿಲಿಗೂ ಹೋಗಲಿಲ್ಲ. ಹತ್ತಿ ಉಗ್ರಾಣವೊಂದರ ಹಿಂಬದಿಯ ತಗಡಿನ ಚಾವಣಿಯಡಿ ಜಾಗ ಬಾಡಿಗೆಗೆ ಹಿಡಿದು ಮೂಟೆ ಹೊರುವವರಿಗೆ ಊಟ ಹಾಕತೊಡಗಿದಳು. ಮಳೆಗಾಲ, ಚಳಿಗಾಲ ಹೇಗೋ ನಡೆಯಿತು. ಬೇಸಿಗೆ ಬಂದಾಗ ಉಗ್ರಾಣದ ಮಾಲೀಕ ಬಂದು, "ಬಿಸಿಲೇರಿದ ಮೇಲೆ ಇಲ್ಲಿ ಒಲೆ ಉರೀಕೂಡದು. ಒಂದು ಕಿಡಿ ಹಾರಿದ್ರೆ ನನ್ನ ಹತ್ತಿಯೆಲ್ಲ ಬೂದಿ. ಆಮೇಲೆ ನಿನ್ನ ಮಕ್ಕಳನ್ನ ಮಾರಿ ಕಟ್ಟಿಕೊಡ್ತೀಯಾ?" ಎಂದ. ಅಂದಿನಿಂದ ಅಮ್ಮ ಕತ್ತಲಲ್ಲೇ ಎದ್ದು ಅನ್ನ, ಮೀನು ಬೇಯಿಸಿ, ಮಡಕೆಗಳಲ್ಲಿ ತುಂಬಿ, ಒದ್ದೆ ಮರಳಲ್ಲಿ ಹೂತಿಡುತ್ತಿದ್ದಳು. ಆರುವ ಕೆಂಡದಲ್ಲಿ ಬದನೆಕಾಯಿ ಸುಡುತ್ತಿದ್ದಳು. ಸೌತೆಕಾಯಿಗೆ ಮೊಸರು, ಬೆಳ್ಳುಳ್ಳಿ, ಪುದೀನ ಸೇರಿಸಿ ಅರೆದು ತಣ್ಣೀರು ಬೆರೆಸಿದರೆ ಸಾರು. ಹಣ್ಣಿನವನು ಬಿಸಾಡಿದ ಕಲ್ಲಂಗಡಿ ಸಿಪ್ಪೆಯ ಬಿಳಿ ಭಾಗ ಹೆಚ್ಚಿ, ಉಪ್ಪು ನಿಂಬೆ ಹಾಕಿದರೆ ನಂಚಿಕೊಳ್ಳಲಿಕ್ಕೆ. ಅರೆಯುವ ಕೆಲಸ ಅಕ್ಕನದು. ಶಾಲೆಗೆ ಹೋಗುವುದು ಅಲ್ಲಿಗೇ ನಿಂತಿತು. ಒಂದು ಕಾಲಲ್ಲಿ ತಮ್ಮನ ತೊಟ್ಟಿಲು ತೂಗುತ್ತ ಅವಳು ಅರೆಯುತ್ತಿದ್ದಳು.

ತಮ್ಮ ಶಾಲೆಯ ದೊಡ್ಡ ತರಗತಿಗೆ ಬರುವಷ್ಟರಲ್ಲಿ ತಗಡಿನ ಚಾವಣಿ ಹೋಗಿ ಬೀದಿಯ ಮೂಲೆಯಲ್ಲಿ ಊಟದ ಮನೆಯಾಗಿತ್ತು. ಆಗ ಅಪ್ಪ ವಾಪಸಾದ. ಆಚೆ ದಡದವಳು ಹೊರಗೆ ಹಾಕಿದ್ದಳು, ಎದೆಯಲ್ಲಿ ಕೆಮ್ಮು ಗೂಡು ಕಟ್ಟಿತ್ತು. ಕೆಲಸ ಮಾಡುವ ತ್ರಾಣವಿರಲಿಲ್ಲ. ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು, ಎಲ್ಲಿಂದಲೋ ತಂದ ಬಿಳಿ ಟೋಪಿ ಇಟ್ಟುಕೊಂಡು, ಬಂದವರಿಗೆ "ಬನ್ನಿ, ಬನ್ನಿ" ಎನ್ನುತ್ತಿದ್ದ. ಫೋಟೋ ತೆಗೆದದ್ದು ಆಗಲೇ. ಸಾಯುವವರೆಗೆ ಅವನು ಮಾಡಿದ ಇನ್ನೊಂದು ಕೆಲಸವೆಂದರೆ ಮಗನನ್ನು ಪಕ್ಕ ಕೂರಿಸಿಕೊಂಡು ಕಡಲಿನ ಕಥೆ ಹೇಳುವುದು. ಅಮ್ಮನ ಒಂದು ಫೋಟೋವೂ ಇರಲಿಲ್ಲ. ಅವಳು ಕೂತದ್ದನ್ನು ಕಂಡಿದ್ದರಲ್ಲವೇ ಯಾರಾದರೂ ಫೋಟೋ ತೆಗೆಯುವುದು!

ಅಪ್ಪ, ಅಮ್ಮ ಇಬ್ಬರೂ ಹೋಗಿ ಎಷ್ಟೋ ವರ್ಷಗಳ ಮೇಲೆ, ಒಂದು ಬೇಸಿಗೆಯಲ್ಲಿ ಊರಿನ ಇತಿಹಾಸ ಸಂಘದವರು ಹಳೆಯ ಕಟ್ಟಡಗಳಿಗೆಲ್ಲ ಹೆಸರಿನ ಕಲ್ಲು ಹಾಕಿಸತೊಡಗಿದರು. ಸಂಘದ ಮುಖ್ಯಸ್ಥರು ನಿವೃತ್ತ ಮೇಷ್ಟ್ರು. ಊಟದ ಮನೆಯ ಬಾಗಿಲ ಪಕ್ಕಕ್ಕೂ ಒಂದು ಕಲ್ಲು ಎಂದು ತೀರ್ಮಾನವಾದಾಗ ತಮ್ಮ ಸಂಭ್ರಮದಿಂದ ಅಡುಗೆಮನೆಗೇ ಬಂದು ಹೇಳಿದ.

"ಒಳ್ಳೇದಾಯ್ತು," ಎಂದಳು ಅಕ್ಕ. "ಅಮ್ಮನ ಹೆಸರು ಹಾಕಿಸು."

"ಅಪ್ಪನ ಹೆಸರು ಕೊಟ್ಟಾಯ್ತಲ್ಲಕ್ಕ."

"ಅಮ್ಮಂದೂ ಇರಲಿ ಕಣೋ ಹಾಗಾದ್ರೆ."

"ಕಲ್ಲು ಅಂದ್ರೆ ರಬ್ಬರ್ರೇನಕ್ಕ, ಎಳೆದಂಗೆಲ್ಲ ಹಿಗ್ಗೋಕೆ? ಜಾಗ ಇಲ್ಲ."

"ಜಾಗ ಇಲ್ದಿದ್ರೆ ಅಪ್ಪನ ಹೆಸರು ತೆಗಿ."

ತಮ್ಮ ದೊಡ್ಡ ಜೋಕು ಕೇಳಿದವನಂತೆ ನಕ್ಕು, ಒಂದು ಹೋಳು ಕಲ್ಲಂಗಡಿ ಬಾಯಿಗೆ ಹಾಕಿಕೊಂಡು ಹೊರಟುಹೋದ. ಅಕ್ಕ ಮತ್ತೆ ಕೇಳಲಿಲ್ಲ. ಅವನು ಎಷ್ಟಾದರೂ ತಾನು ಎತ್ತಾಡಿಸಿದ ಹುಡುಗ, ಕೊನೇ ಗಳಿಗೆಯಲ್ಲಾದರೂ ಮನಸ್ಸು ತಿರುಗೀತು ಎಂದು ಒಳಗೊಳಗೇ ನಂಬಿದ್ದಳು.

ಭಾನುವಾರ ಮಧ್ಯಾಹ್ನ ಕಲ್ಲಿನ ಸಮಾರಂಭ. ಗೈಡು ದೊಡ್ಡ ತಂಡವನ್ನೇ ಕರೆದುಕೊಂಡು ಬಂದಿದ್ದ. ಮೇಷ್ಟ್ರು ಬಟ್ಟೆ ಸರಿಸಿದರು. "ಸಂಸ್ಥಾಪಕ" ಎಂದು ಕೆತ್ತಿ, ಕೆಳಗೆ ಅಪ್ಪನ ಹೆಸರು. ಎಲ್ಲರೂ ಒಳಗೆ ಬಂದು ಕೂತ ಮೇಲೆ ಅಕ್ಕ ಸಾರಿನ ಬಟ್ಟಲುಗಳ ತಟ್ಟೆ ಹಿಡಿದು ಹೊರಬಂದಳು. ಅಂದು ಬಡಿಸುವವರು ಸಾಲದೆ ಅವಳೂ ಕೈಹಾಕಬೇಕಾಗಿತ್ತು.

ಮೇಷ್ಟ್ರು ಒಳ್ಳೆಯ ಮನಸ್ಸಿನಿಂದಲೇ, "ಹಿರಿಯ ಮಗಳು ಇಲ್ಲೇ ಇದ್ದಾರೆ. ತಂದೆಯವರ ಬಗ್ಗೆ ಎರಡು ಮಾತು ಹೇಳಿ ಅಮ್ಮಾ," ಎಂದರು.

ಅಕ್ಕ ತಟ್ಟೆ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು.

"ನಮ್ಮಪ್ಪ ಈ ಮನೇಲಿ ಒಂದು ಈರುಳ್ಳಿ ಹೆಚ್ಚಿದೋನಲ್ಲ," ಎಂದು ಶುರು ಮಾಡಿದಳು. ಒಂದೊಂದನ್ನೇ ಹೇಳುತ್ತ ಹೋದಳು. ಹಸಿರು ಕಿಟಕಿ, ಒಣಗಲು ಹಾಕಿದ ಅಂಗಿ, ತಗಡಿನ ಚಾವಣಿ, ಮರಳಲ್ಲಿ ಹೂತ ಮಡಕೆ. "ನೀವು ದುಡ್ಡು ಕೊಟ್ಟು ಚಪ್ಪರಿಸ್ತಿರೋ ಈ ಕಲ್ಲಂಗಡಿ ಸಿಪ್ಪೆ ಇದೆಯಲ್ಲ, ಅದನ್ನ ಬೀದಿಯಿಂದ ಆಯ್ಕೊಂಡು ಬರ್ತಿದ್ದೋಳು ನಾನು. ನಮ್ಮಮ್ಮ ಅದನ್ನ ತೊಳೀತಾ, 'ಯಾರಿಗೂ ಹೇಳಬೇಡ ಮಗಾ' ಅಂತಿದ್ಲು. ಈ ಅಡುಗೆ ಆಚೆ ದೇಶದಿಂದ ಬರಲಿಲ್ಲ. ಬೆಂಕಿ ಹಚ್ಚೋಕೂ ಬಿಡದೆ ಇದ್ದ ಕಡೆ ಹುಟ್ಟಿದ್ದು."

ಅವಳು ಮಾತು ಮುಗಿಸುವಷ್ಟರಲ್ಲಿ ಎಲ್ಲರೂ ಚಮಚ ಕೆಳಗಿಟ್ಟಿದ್ದರು. ಅಕ್ಕನಿಗೆ ಎದೆಯ ಮೇಲಿನ ಬಂಡೆ ಸರಿದಂತಾಯಿತು.

ಕಿಟಕಿಯ ಬಳಿ ಕೂತಿದ್ದ ಹೆಂಗಸೊಬ್ಬಳು ಚಪ್ಪಾಳೆ ತಟ್ಟಿದಳು. ಆಮೇಲೆ ಎಲ್ಲರೂ ತಟ್ಟಿದರು. ಒಬ್ಬ ಎದ್ದು ನಿಂತು ಶಿಳ್ಳೆ ಹಾಕಿದ. "ಅದ್ಭುತ! ಇದು ಪ್ರತಿ ಭಾನುವಾರಾನೂ ಇರುತ್ತಾ?" ಎಂದು ಇನ್ನೊಬ್ಬ ಗೈಡನ್ನು ಕೇಳಿದ. ಗೈಡು ತಬ್ಬಿಬ್ಬಾಗಿ ತಮ್ಮನ ಮುಖ ನೋಡಿದ. ತಮ್ಮ ಅಷ್ಟು ಹೊತ್ತಿಗೆ ಮುಗುಳ್ನಕ್ಕು ತಲೆಬಾಗಿಸಿ ಚಪ್ಪಾಳೆಯನ್ನು ಸ್ವೀಕರಿಸುತ್ತಿದ್ದ.

ಮೇಷ್ಟ್ರು ಮಾತ್ರ ಅಡುಗೆಮನೆಯ ಬಾಗಿಲವರೆಗೆ ಅವಳ ಹಿಂದೆ ಬಂದರು. "ಇದೆಲ್ಲ ನಿಜವೇನಮ್ಮಾ?"

"ನಿಜ."

ಅವರ ಮುಖ ಸಣ್ಣದಾಯಿತು. "ಮೊದಲೇ ಒಂದು ಮಾತು ಹೇಳಬಾರದಿತ್ತೇ? ಈಗ ಕಲ್ಲು ಕೂರಿಸಿ ಆಗಿಹೋಯ್ತಲ್ಲ..." ಎಂದು ಊಟ ಮಾಡದೆ ಹೊರಟುಹೋದರು. ಕಲ್ಲಿನ ವಿಷಯ ಮತ್ತೆಂದೂ ಎತ್ತಲಿಲ್ಲ.

ತಮ್ಮ ಕೂಗಾಡುತ್ತಾನೆ ಎಂದುಕೊಂಡಿದ್ದಳು ಅಕ್ಕ. ಕೂಗಾಡಿದ್ದರೆ ಚೆನ್ನಾಗಿತ್ತು. ಜನ ಕರಗಿದ ಮೇಲೆ ಅವನು ಕುಣಿಯುತ್ತ ಒಳಬಂದ.

"ಅಕ್ಕಾ, ಏನು ಹೇಳಿದೆ ಅಕ್ಕಾ! ಇಷ್ಟು ವರ್ಷ ಈ ಬಾಯಿ ಎಲ್ಲಿ ಬಚ್ಚಿಟ್ಟಿದ್ದೆ? ಮುಂದಿನ ವಾರಕ್ಕೆ ಈಗಲೇ ಎರಡು ತಂಡ ಬರ್ತೀವಿ ಅಂದಿದಾರೆ. ಸಾರು ಆದ್ಮೇಲೆ, ಮೀನು ಬರೋಕೆ ಮುಂಚೆ ಹೇಳು. ಹೊಟ್ಟೆ ತುಂಬಿದ ಮೇಲೆ ಯಾರೂ ಅಳಲ್ಲ."

"ಅಪ್ಪನ ಫೋಟೋ ತೆಗೀತೀಯಾ?"

"ಅದ್ಯಾಕೆ ತೆಗೀಬೇಕು? ನಾನು ಅಪ್ಪನ ಕಥೆ ಹೇಳ್ತೀನಿ, ನೀನು ಬಂದು ಸುಳ್ಳು ಅನ್ನು. ಜನಕ್ಕೆ ಜಗಳ ಅಂದ್ರೆ ಉಪ್ಪಿನಕಾಯಿ ಇದ್ದಂಗೆ."

"ನನ್ನ ಹೊಟ್ಟೆ ಉರಿ ನಿನಗೆ ನಂಚಿಕೊಳ್ಳೋಕೆ ಬೇಕಾಯ್ತೇನೋ?" ಎಂದು ಅಕ್ಕ ಬೆನ್ನು ತಿರುಗಿಸಿದಳು. ಮುಂದಿನ ಭಾನುವಾರ ಕಿಂಡಿಯಾಚೆಗೆ ಕಾಲಿಡಲಿಲ್ಲ. ಅದರಾಚೆ ಭಾನುವಾರವೂ ಇಲ್ಲ.

ಹಾಗಾಗಿ ತಮ್ಮ ಒಬ್ಬ ನಾಟಕದಾಕೆಯನ್ನು ಗೊತ್ತುಮಾಡಿದ. ಒಂದು ಕಾಲಕ್ಕೆ ಕಂಪನಿಗಳಲ್ಲಿ ಪಾರ್ಟು ಮಾಡಿ ಈಗ ಕೆಲಸವಿಲ್ಲದೆ ಕೂತಿದ್ದ, ಅಕ್ಕನದೇ ವಯಸ್ಸಿನ ಹೆಂಗಸು. ಕೆಟ್ಟವಳಲ್ಲ. ಬಂದವಳೇ ಅಡುಗೆಮನೆಯಲ್ಲಿ ಮಣೆ ಎಳೆದುಕೊಂಡು ಕೂತು, ಬೆಳ್ಳುಳ್ಳಿ ಬಿಡಿಸಿಕೊಡುತ್ತ ಮಾತಿಗಿಳಿದಳು.

"ಸಿಟ್ಟು ಮಾಡ್ಕೋಬೇಡಿ ಅಕ್ಕಾ. ನಾನು ಬೇಡ ಅಂದ್ರೆ ಇನ್ನೊಬ್ಬಳನ್ನ ಕರೀತಾರೆ. ನಿಮ್ಮ ಕಥೆ ಕೆಡಿಸಬಾರದು ಅಂತ ಕೇಳ್ತಿದೀನಿ. ಅಪ್ಪ ವಾಪಸ್ ಬಂದ ದಿನ ನಿಮ್ಮಮ್ಮ ಏನು ಮಾಡಿದ್ರು? ಅತ್ರಾ? ಬೈದ್ರಾ?"

ಆ ದಿನ ಅಕ್ಕನ ಕಣ್ಣಿಗೆ ಕಟ್ಟಿದಂತಿತ್ತು. ಅಮ್ಮ ಆಗಷ್ಟೇ ಉಣ್ಣಲು ಕೂತಿದ್ದಳು. ಬಾಗಿಲಲ್ಲಿ ನಿಂತವನನ್ನು ನೋಡಿದಳು. ತನ್ನ ತಟ್ಟೆಯನ್ನೇ ಅವನ ಕಡೆ ನೂಕಿ ಎದ್ದು ಪಾತ್ರೆ ತೊಳೆಯಲು ಹೋದಳು. ಆಮೇಲೆ ಸಾಯುವ ತನಕ ಅಮ್ಮ ಕೂತು ಉಂಡದ್ದನ್ನು ಅಕ್ಕ ನೋಡಲಿಲ್ಲ. ನಿಂತುಕೊಂಡೇ, ಒಲೆಯ ಕಡೆ ಮುಖ ಮಾಡಿ, ನಾಲ್ಕು ತುತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ನೆನಪಿಲ್ಲ," ಎಂದಳು ಅಕ್ಕ.

"ಪರವಾಗಿಲ್ಲ, ಅಲ್ಲಿ ನಾನೇ ಏನಾದ್ರೂ ಮಾಡ್ಕೋತೀನಿ."

ಭಾನುವಾರ ಬಂತು. ಕಿಂಡಿಯಾಚೆ ನಾಟಕದಾಕೆಯ ದನಿ ಏರಿತು, ಇಳಿಯಿತು, ಬಿಕ್ಕಿತು. ಅಕ್ಕ ಮೀನಿನ ಮೇಲೆ ನಿಂಬೆಹಣ್ಣು ಹಿಂಡುತ್ತ ಕೇಳಿಸಿಕೊಂಡಳು. ಕಿಟಕಿಯ ಬಣ್ಣ ಸರಿಯಾಗಿತ್ತು. ಮಡಕೆ, ಮರಳು, ಸಿಪ್ಪೆ, ಎಲ್ಲ ಸರಿಯಾಗಿತ್ತು. ಕೊನೆಗೆ ನಾಟಕದಾಕೆ, "ಆ ದಿನ ನನ್ನಮ್ಮ ಓಡಿಹೋಗಿ ಅವನ ಕಾಲಿಗೆ ಬಿದ್ದಳು. 'ಬಂದಿರಲ್ಲ, ಅಷ್ಟೇ ಸಾಕು. ನನ್ನ ತಪ್ಪೇನಿದ್ದರೂ ಹೊಟ್ಟೆಗೆ ಹಾಕಿಕೊಳ್ಳಿ' ಎಂದಳು!" ಎಂದು ಗೋಳಾಡಿದಳು. ಊಟದ ಕೋಣೆಯಲ್ಲಿ ಜನ ಮೂಗು ಒರೆಸಿಕೊಳ್ಳುವುದು ಕೇಳಿಸಿತು. ಅದರ ಹಿಂದೆಯೇ ಚಪ್ಪಾಳೆ.

ಅಕ್ಕ ಕೈ ತೊಳೆದಳು. "ಮೀನು ನೋಡ್ಕೋ," ಎಂದು ಪಾತ್ರೆ ತೊಳೆಯುವವಳಿಗೆ ಹೇಳಿ ಹಿಂಬಾಗಿಲಿನಿಂದ ಹೊರಟಳು.

ಊರಿನ ಇನ್ನೊಂದು ಕೊನೆಯಲ್ಲಿದ್ದ ನರ್ಸುಗಳ ಹಾಸ್ಟೆಲಿನಲ್ಲಿ ಅವಳಿಗೆ ಅಡುಗೆ ಕೆಲಸವೂ ಉಳಿಯಲು ಒಂದು ಕೋಣೆಯೂ ಸಿಕ್ಕಿದವು. ಅನ್ನ, ಬೇಳೆ, ಒಂದು ಪಲ್ಯ. ಯಾರೂ ಹೊಗಳುತ್ತಿರಲಿಲ್ಲ, ಯಾರೂ ಕಥೆ ಕೇಳುತ್ತಿರಲಿಲ್ಲ. ಬೇಸಿಗೆ ಇನ್ನೂ ಮುಗಿದಿರಲಿಲ್ಲ. ಒಂದು ಸಂಜೆ ತಮ್ಮ ಹುಡುಕಿಕೊಂಡು ಬಂದು ಊಟದ ಹಾಲಿನ ಬೆಂಚಿನ ಮೇಲೆ ಕೂತ. ಗಡ್ಡ ಬೆಳೆದಿತ್ತು.

"ಸಾರು ಕೆಟ್ಟುಹೋಗಿದೆ ಅಕ್ಕ. ಯಾರು ಮಾಡಿದ್ರೂ ಬರ್ತಿಲ್ಲ. ಬಾ ಮನೆಗೆ."

"ಅಪ್ಪ ಹಡಗಲ್ಲಿ ತಂದದ್ದಲ್ಲವೇ? ಅವನನ್ನೇ ಕೇಳು."

ತಮ್ಮ ತಲೆ ತಗ್ಗಿಸಿದ. ನೆಲ ನೋಡುತ್ತ ಹೇಳಿದ: "ಅದೆಲ್ಲ ಅವನು ನನಗೆ ಹೇಳಿದ್ದೇ ಅಕ್ಕ. ನಾನು ಹುಟ್ಟಿಸಿಕೊಂಡದ್ದು ಸ್ವಲ್ಪ, ಅವನು ಹೇಳಿದ್ದು ಜಾಸ್ತಿ. ನನ್ನ ಪಕ್ಕ ಕೂತು ಮಾತಾಡಿದೋನು ಆ ಮನೇಲಿ ಅವನೊಬ್ಬನೇ."

"ಅಮ್ಮ ಇರಲಿಲ್ಲವೇನೋ?"

"ಇದ್ಲು. ಒಲೆ ಕಡೆ ಮುಖ, ನನ್ನ ಕಡೆ ಬೆನ್ನು. ಅಮ್ಮ ಅಂದ್ರೆ ನನಗೆ ಬೆನ್ನೇ ನೆನಪಿಗೆ ಬರೋದು."

"ಆ ಬೆನ್ನು ಬಗ್ಗಿದ್ದು ಯಾರಿಗೋಸ್ಕರವೋ, ಪಾಪಿ?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದನ್ನೇ ಅಕ್ಕನಿಗೆ ಸಹಿಸಲಾಗಲಿಲ್ಲ.

"ಕಲ್ಲು ಹಾಗೇ ಇರಲಿ, ಫೋಟೋನೂ ಇರಲಿ," ಎಂದಳು ಕೊನೆಗೆ. "ಆ ಕಾಲಿಗೆ ಬೀಳೋ ಮಾತೊಂದು ತೆಗೆಸು. ಈ ಹೊತ್ತೇ ಬರ್ತೀನಿ."

ತಮ್ಮ ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತ. "ಅಲ್ಲೇ ಅಕ್ಕ ಜನ ಅಳೋದು," ಎಂದ.

ಅಕ್ಕ ಎದ್ದು ಒಳಗೆ ಹೋದಳು. ಅವನು ಸ್ವಲ್ಪ ಹೊತ್ತು ಕಾದು, ಗೇಟು ಹಾಕಿಕೊಂಡು ಹೋದ. ಮತ್ತೆ ಬರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ನಾಲ್ಕಾರು ನರ್ಸುಗಳು ಸಂಬಳದ ದಿನ ಹೊರಗೆ ಊಟಕ್ಕೆ ಹೋಗಿ ಬಂದರು. ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಅವರಲ್ಲೊಬ್ಬಳು, "ಅಕ್ಕಾ, ಉಗ್ರಾಣದ ಬೀದಿ ಊಟದ ಮನೆಗೆ ನೀವೊಂದು ಸಲ ಹೋಗ್ಲೇಬೇಕು. ಊಟ ಅಷ್ಟಕ್ಕಷ್ಟೇ. ಆದ್ರೆ ಅಲ್ಲಿ ಒಬ್ಬರು ಕಥೆ ಹೇಳ್ತಾರೆ, ಅತ್ತೂ ಅತ್ತೂ ಸಾಕಾಯ್ತು. ಗಂಡನ್ನ ಕ್ಷಮಿಸಿದ ಒಬ್ಬ ಅಮ್ಮ, ಅವಳ ಜೊತೆ ದುಡಿದ ಮಗಳು. ಪಾಪ, ಆ ಮಗಳೂ ಹೋದ ವರ್ಷ ತೀರಿಕೊಂಡ್ಲಂತೆ, ಕೊನೇಲಿ ಯಜಮಾನರು ಹೇಳಿದ್ರು," ಎಂದಳು.

"ಹೌದಾ? ಏನಾಗಿತ್ತಂತೆ?" ಎಂದಳು ಅಕ್ಕ.

"ಅದು ಹೇಳಲಿಲ್ಲ ಅಕ್ಕಾ."

ಅಕ್ಕ ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿ, ಪಕ್ಕದವಳ ಕಡೆ ತಿರುಗಿದಳು.